ಏಳೂವರೆಯ ಇನ್ಸುಲಿನ್, ಹತ್ತೂವರೆಯ ತುತ್ತು

ಕಳೆದ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳು ಇಡೀ ಬ್ಯಾಚಿನ ಎದುರು ನಾನು ಬರೆದ ಇನ್ಸುಲಿನ್ ಲೆಕ್ಕ ತಪ್ಪು ಎಂದಳು. ಇಷ್ಟು ವರ್ಷ ಪಾಠ ಹೇಳಿದವಳಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೆ? (ಆ ಕ್ಷಣಕ್ಕೆ ಹಾಗನ್ನಿಸಲಿಲ್ಲ ಬಿಡಿ. ಕಿವಿ ಬಿಸಿಯಾಗಿತ್ತು.)

ತಮಿಳುನಾಡಿನ ಸೇಲಂನ ಆಸ್ಪತ್ರೆಯೊಂದರಲ್ಲಿ ನಾನು ಮೆಡಿಕಲ್ ವಿದ್ಯಾರ್ಥಿಗಳಿಗೆ ವಾರ್ಡಿನಲ್ಲೇ ಪಾಠ ಮಾಡುತ್ತೇನೆ. ಸಕ್ಕರೆ ಕಾಯಿಲೆ ಬಹಳ ಸುಲಭ ಎಂದು ಹುಡುಗರು ನಂಬಿರುತ್ತಾರೆ. ನಂಬರ್ ನೋಡು, ಯೂನಿಟ್ ಬರಿ. ಅಷ್ಟೇ ತಾನೆ?

ಅಷ್ಟೇ ಅಲ್ಲ ಎಂದು ತೋರಿಸಿದವರು ರಂಗಪ್ಪ. ಸೇಲಂ ಹತ್ತಿರದ ನಂಗವಳ್ಳಿ ಕಡೆಯ, ಕನ್ನಡ ಮಾತಾಡುವ ಕೈಮಗ್ಗದ ನೇಕಾರ. ವಯಸ್ಸು ಅರವತ್ತು ದಾಟಿದೆ. ಬಲಗಾಲಿನ ಬೆರಳುಗಳ ಬುಡದಲ್ಲಿ ಹುಣ್ಣಾಗಿ ನಮ್ಮ ವಾರ್ಡಿಗೆ ಬಂದಿದ್ದರು. ಸಕ್ಕರೆ ಹತೋಟಿಗೆ ಬಂದು ಗಾಯ ಮಾಯದಿದ್ದರೆ ಎರಡು ಬೆರಳು ತೆಗೆಯಬೇಕಾದೀತು ಎಂದು ಸರ್ಜನ್ ಹೇಳಿಬಿಟ್ಟಿದ್ದರು.

ರಂಗಪ್ಪ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರಮ್ಮ, ಮಗ್ಗ ತುಳಿಯೋದು ಕಾಲಲ್ಲೇ ಅಲ್ವಾ? ಬೆರಳೇ ಓದ್ರೆ ನಾನೇನ್ ಮಾಡ್ಲಿ?"

ನಾನು ಚಾರ್ಟ್ ಎಳೆದುಕೊಂಡೆ. ಇನ್ಸುಲಿನ್ ಬರೆದೆ.

ನಾಲ್ಕು ದಿನ ಅವರ ಸಕ್ಕರೆ ನಮ್ಮನ್ನು ಕುಣಿಸಿತು. ಮಧ್ಯಾಹ್ನ ಮುನ್ನೂರು ದಾಟುತ್ತಿತ್ತು. ಬೆಳಗಿನ ಹೊತ್ತು ಮಂಕಾಗಿ ಬೆವರುತ್ತಿದ್ದರು. ಗಾಯದ ಜ್ವರವಿರಬೇಕು ಅಂದುಕೊಂಡೆವು. ಐದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕೈ ನಡುಗಿ, ಮಾತು ತೊದಲಿತು. ನರ್ಸ್ ತಕ್ಷಣ ಪರೀಕ್ಷಿಸಿದರು. ಸಕ್ಕರೆ ಐವತ್ತೆರಡಕ್ಕೆ ಕುಸಿದಿತ್ತು! ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು.

ಆಗಲೇ ನಾನು ವಿದ್ಯಾರ್ಥಿಗಳ ದಂಡಿನೊಂದಿಗೆ ಅವರ ಮಂಚದ ಬಳಿ ಬಂದೆ. "ಈಗ ಏನು ಮಾಡುತ್ತೀರಿ?"

"ಡೋಸ್ ಇಳಿಸಬೇಕು ಮೇಡಂ," ಎಂದ ಒಬ್ಬ.

"ನಿನ್ನೆ ಮಧ್ಯಾಹ್ನ ಮುನ್ನೂರ ನಲವತ್ತು ಇತ್ತು. ಏರಿಸಬೇಕು," ಎಂದ ಇನ್ನೊಬ್ಬ.

ಇಳಿಸಿದರೆ ಮಧ್ಯಾಹ್ನ ಏರುತ್ತದೆ, ಏರಿಸಿದರೆ ಬೆಳಿಗ್ಗೆ ಕುಸಿಯುತ್ತದೆ. ನಾನೂ ಚಾರ್ಟನ್ನೇ ದಿಟ್ಟಿಸುತ್ತಾ ನಿಂತೆ.

ಹಿಂದಿನ ಸಾಲಿನಿಂದ ದಿವ್ಯಾ ಬಾಯಿ ತೆರೆದಳು. ಸೇಲಂನದೇ ಹುಡುಗಿ, ಮನೆಮಾತು ಕನ್ನಡ. ಆದರೆ ನಾನು ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರಿಸುವವಳು. ಗೆಳತಿಯರೆದುರು ಸಂಕೋಚ.

"ಮೇಡಂ, ಡೋಸ್ ಅಲ್ಲ, ಟೈಮ್ ತಪ್ಪು. ಏಳೂವರೆಗೆ ಇನ್ಸುಲಿನ್ ಅಂತ ಬರೆದಿದ್ದೀರಿ. ಇವರು ಆಗ ತಿನ್ನೋದೇ ಇಲ್ಲ."

"ನಿನಗೆ ಹೇಗೆ ಗೊತ್ತು? ಚಾರ್ಟಿನಲ್ಲಿ ತಿಂಡಿ ಆಯಿತು ಅಂತಿದೆಯಲ್ಲ?"

"ನಿನ್ನೆ ಡ್ರೆಸ್ಸಿಂಗ್ ಮಾಡುವಾಗ ಇವರ ಹೆಂಡತಿ ಗದರುತ್ತಿದ್ದರು. ಆಸ್ಪತ್ರೆ ಇಡ್ಲಿ ನೀನ್ ತಿನ್ನದೆ ನಂಗ್ಯಾಕೆ ಎತ್ತಿಕ್ಕ್ತೀಯ, ಅಂತ." ಆಮೇಲೆ ಎಲ್ಲರೆದುರೇ ರಂಗಪ್ಪನ ಕಡೆ ಬಾಗಿ ಕನ್ನಡದಲ್ಲೇ ಕೇಳಿದಳು. "ತಾತಾ, ಬೆಳಿಗ್ಗೆ ಏನ್ ತಿಂದ್ರಿ? ದಿಟ ಏಳಿ."

ಅವರ ಮುಖ ಅರಳಿತು. "ನೀನ್ ನಮ್ಮೋಳಾ, ಕಣ್ಣು?" ಎಂದು ಮೊಮ್ಮಗಳನ್ನು ಕರೆಯುವಂತೆ ಮುದ್ದಿನಿಂದ ಕೇಳಿದರು. ಆಮೇಲೆ ತಲೆ ತಗ್ಗಿಸಿದರು. "ನನ್ ಎಂಡ್ತಿ ಕಳಿ ಮಾಡ್ಕೊಂಡು, ಒಟ್ಟೆಗೇನೂ ಆಕ್ಕೊಳ್ದೆ ಬಸ್ ಅತ್ತಿ ಬತ್ತಾಳೆ. ಬರೋ ಒತ್ಗೆ ಅತ್ತೂವರೆ ಆಯ್ತದೆ. ಅದ್ಕೇ ಇಡ್ಲಿ ಅವ್ಳಿಗೆ ಮಡಗ್ತೀನಿ. ಅವ್ಳು ತಂದ ಕಳಿ ನಾನು ಉಣ್ತೀನಿ. ನರ್ಸಮ್ಮ 'ಸಾಪ್ಟಾಚಾ' ಅಂದ್ರೆ 'ಆಚು' ಅಂತೀನಿ. ಇಲ್ಲ ಅಂದ್ರೆ ಬೈತಾರಲ್ಲಾ?"

ನರ್ಸ್ ತಮಿಳಿನಲ್ಲಿ 'ತಿಂದಾಯ್ತಾ' ಎಂದು ಕೇಳಿದ್ದಕ್ಕೆ ಇವರು ಅಂದ 'ಆಯ್ತು' ಚಾರ್ಟಿಗೆ ಏರಿತ್ತು. ಮೂರು ಗಂಟೆ ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್. ಅದರ ಜೋರು ಇಳಿದ ಮೇಲೆ ರಾಗಿ ಕಳಿ, ಅಂದರೆ ನಮ್ಮ ಮುದ್ದೆ. ಇನ್ನೇನಾಗಬೇಕು? ನಾನು ಡೋಸ್ ಏರಿಸಿದ್ದರೆ ಮರುದಿನ ಅವರು ಎಚ್ಚರ ತಪ್ಪುತ್ತಿದ್ದರು.

ಕನ್ನಡ ನನಗೂ ಬರುತ್ತದಲ್ಲ? ಬರುತ್ತದೆ. ಆದರೆ ಐದು ದಿನ ನಾನು ಕೇಳಿದ್ದು ಕಾಲಿನ ಬಗ್ಗೆ ಮಾತ್ರ.

"ಸರಿ, ನೀನೇ ಹೇಳು, ಬರೆಯುತ್ತೇನೆ," ಎಂದು ದಿವ್ಯಾಳತ್ತ ಪೆನ್ನು ಹಿಡಿದು ನಿಂತೆ. ಅವಳ ಧ್ವನಿ ನಡುಗಿತು, ಲೆಕ್ಕ ನಡುಗಲಿಲ್ಲ. ರಾತ್ರಿಯ ಇನ್ಸುಲಿನ್ ಹಾಗೇ ಇರಲಿ. ಊಟದ ಇನ್ಸುಲಿನ್ ಗಡಿಯಾರ ನೋಡಿ ಬೇಡ, ತಟ್ಟೆ ಮುಂದೆ ಬಂದ ಮೇಲೆ ಕೊಡಬೇಕು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನದ ಊಟಕ್ಕೆ ಕಳಿ, ಅದಕ್ಕೆ ತಕ್ಕ ಡೋಸ್.

ಹೆಂಡತಿ ಬಂದಾಗ ದಿವ್ಯಾಳೇ ಎಲ್ಲ ಬಿಡಿಸಿ ಹೇಳಿದಳು. ಆಕೆ ಗಂಡನ ಕಡೆ ತಿರುಗಿದರು. "ನಾಳೆಯಿಂದ ನಾನ್ ಮನೇಲೇ ತಿಂದು ಬತ್ತೀನಿ. ನಂಗೋಸ್ಕರ ಕಾಲ್ ಕಳ್ಕೊಂತೀಯಾ?" ಕಣ್ಣು ಒರೆಸಿಕೊಂಡು ನಕ್ಕರು.

ಮೂರೇ ದಿನದಲ್ಲಿ ಸಕ್ಕರೆ ದಾರಿಗೆ ಬಂತು. ಔಷಧಿ, ಡ್ರೆಸ್ಸಿಂಗ್ ಕೂಡ ತಮ್ಮ ಕೆಲಸ ಮಾಡಿದವು. ಎರಡನೆಯ ವಾರ ಸರ್ಜನ್ ಬ್ಯಾಂಡೇಜ್ ಬಿಚ್ಚಿ ನೋಡಿದರು. ಗಾಯ ಕೆಂಪಗೆ, ಶುದ್ಧವಾಗಿತ್ತು. "ಬೆರಳು ತೆಗೆಯೋ ಮಾತೇ ಇಲ್ಲ," ಎಂದರು. ರಂಗಪ್ಪ ಮಂಚದ ಮೇಲೆ ಕೂತಲ್ಲೇ ಎರಡೂ ಪಾದ ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಿ ಮಗ್ಗ ತುಳಿದು ತೋರಿಸಿದರು. ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. (ನಾನು ಶಿಳ್ಳೆ ಹೊಡೆಯಲಿಲ್ಲ. ಪ್ರೊಫೆಸರ್ ಅಲ್ಲವೆ?)

ಈಗ ಆ ಬ್ಯಾಚಿನ ತಮಿಳು ಹುಡುಗರೆಲ್ಲ ದಿವ್ಯಾಳಿಂದ ಒಂದು ಪದ ಕಲಿತಿದ್ದಾರೆ. ಕನ್ನಡದ ರೋಗಿಗಳನ್ನು ಕಂಡರೆ "ಉಂಡ್ರಾ?" ಅನ್ನುತ್ತಾರೆ. ಉತ್ತರ ಕೇಳಿ ಸುಮ್ಮನಾಗುವುದಿಲ್ಲ, ತಟ್ಟೆಯನ್ನೂ ಇಣುಕಿ ನೋಡುತ್ತಾರೆ.

ನಿಮ್ಮ ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು ಇವತ್ತು ಬೆಳಿಗ್ಗೆ ನಿಜವಾಗಿಯೂ ತಿಂದರೇ, ಅಥವಾ ನಿಮಗೆ "ಆಯ್ತು" ಅಂದರೇ?