ಆಯಿ ಹೋದ ಸುದ್ದಿ

ರಾಮದುರ್ಗದ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ನಿಜಗುಣಪ್ಪ ಕಿವಿಯ ಮೇಲೆ ಬದುಕಿದವನು. ಗಿರಾಕಿ ತಂದಿಟ್ಟ ಪೆಟ್ಟಿಗೆಗೆ ಕಿವಿ ಹಚ್ಚಿ, ಒಳಗಿನ ಗೊರಗೊರ ಕೇಳಿಯೇ ಇಂಥದ್ದು ಕೆಟ್ಟಿದೆ ಎನ್ನುತ್ತಿದ್ದ. ರೇಡಿಯೋ ಕೇಳುವವರು ಕಡಿಮೆಯಾಗಿ ಅಂಗಡಿ ಮುಚ್ಚಿದ ಮೇಲೆ ಅವನಿಗೆ ಉಳಿದ ಗಿರಾಕಿ ಒಬ್ಬಳೇ. ಅವಳು ಆಯಿ.

ಆಯಿ ಎಂದರೆ ಅಮೆರಿಕದವರು ಹಾರಿಸಿದ ಹವಾಮಾನದ ಉಪಗ್ರಹ. ಧ್ರುವದಿಂದ ಧ್ರುವಕ್ಕೆ ಭೂಮಿಯನ್ನು ಸುತ್ತುತ್ತ, ಮುಂಜಾನೆ ಸಂಜೆ ನಮ್ಮ ಸೀಮೆಯ ಮೇಲೂ ಹಾಯುತ್ತಿತ್ತು. ಎರಡು ವರ್ಷ ಬಾಳಿದರೆ ಸಾಕೆಂದು ಮಾಡಿದ್ದು, ಇಪ್ಪತ್ತೇಳು ವರ್ಷ ದುಡಿಯಿತು. ಕಡೆಗಾಲದಲ್ಲಿ ಅದು ಕಳಿಸುವ ಚಿತ್ರಗಳು ಮುದುಕಿಯ ಕೈಯಂತೆ ನಡುಗುತ್ತಿದ್ದವು. ಅದಕ್ಕೇ ನಿಜಗುಣಪ್ಪ ಅಜ್ಜಿ ಎಂಬರ್ಥದ ಆ ಹೆಸರಿಟ್ಟಿದ್ದ. ಮಾಳಿಗೆಯ ಮೇಲೆ ನಿಂತು, ಎರಡು ಅಲ್ಯೂಮಿನಿಯಂ ಕಡ್ಡಿಯ ಆಂಟೆನಾವನ್ನು ದನಿ ಎತ್ತ ಜೋರಾಗುವುದೋ ಅತ್ತ ತಿರುಗಿಸುತ್ತಿದ್ದ. ಗೋಡೆ ಗಡಿಯಾರ ಓಡಿದಂತೆ ಟಿಕ್ ಟಿಕ್ ಎನ್ನುವ ಆ ಸದ್ದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಗೆರೆಗೆರೆಯಾಗಿ ಮೋಡವಾಗಿ, ಕಡಲಾಗಿ ಮೂಡುತ್ತಿತ್ತು. ಹೆಂಡತಿ ದೇವಕ್ಕ ಪಕ್ಕದಲ್ಲಿ ಹೆಸರುಕಾಳು ಹಸನು ಮಾಡುತ್ತ ಕೂತಿರುತ್ತಿದ್ದಳು.

ಈಚೆಗೆ ಅವನ ಕಿವಿ ಮಂದವಾಗಿತ್ತು. ಕುಕ್ಕರಿನ ಸೀಟಿ ಕೇಳುತ್ತಿರಲಿಲ್ಲ. ಡಾಕ್ಟರಿಗೆ ತೋರಿಸೋಣವೆಂದರೆ, "ಆಕಾಶದಾಗಿಂದು ಕೇಳಾಂವಗ ಅಡಗಿಮನಿದು ಕೇಳಿದ್ರೆಷ್ಟು, ಬಿಟ್ರೆಷ್ಟು?" ಎಂದು ನಗುತ್ತಿದ್ದ. ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿಕೊಳ್ಳುತ್ತಿದ್ದುದು ದೇವಕ್ಕನಿಗೆ ಗೊತ್ತಿತ್ತು. ಅವಳು ಬಾಯಿ ಬಿಟ್ಟಿರಲಿಲ್ಲ.

ಹೋದ ಶ್ರಾವಣದಲ್ಲಿ ಒಂದು ಸಂಜೆ ಆಯಿಯ ದನಿ ಬರಲಿಲ್ಲ. ಮರುದಿನವೂ ಬರೀ ಗೊರಗೊರ. ನಿಜಗುಣಪ್ಪ ತಂತಿ ಬಿಚ್ಚಿ ಮತ್ತೆ ಬೆಸೆದ, ಕಡ್ಡಿ ಉಜ್ಜಿದ. ಊಟಕ್ಕೆ ಕೂತವನು ರೊಟ್ಟಿ ಮುರಿಯಲಿಲ್ಲ.

"ನನ್ನ ಕಿವಿ ಹೋದುವು ನೋಡು. ಆ ಗದ್ದಲದಾಗ ಆಕೀ ದನಿ ಹುಡುಕಾಕ ಆಗವಲ್ದು."

"ನನಗೂ ಕೇಳವಲ್ದರಿ."

"ನಾ ಸರಿ ಹಿಡದ್ರ ನಿನಗ ಕೇಳೂದು" ಎಂದು ತಾಟು ಸರಿಸಿ ಎದ್ದ.

ದೇವಕ್ಕ ಬೈಲಹೊಂಗಲದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಸೋದರಳಿಯ ಸುಭಾಸನಿಗೆ ಫೋನ್ ಹಚ್ಚಿದಳು. ಅವನು ವಿಚಾರಿಸಿ ಹೇಳಿದ: "ಅತ್ತಿ, ಅದನ್ನ ರಿಟೈರ್ ಮಾಡ್ಯಾರ. ಮ್ಯಾಲೆ ಇನ್ನೂ ತಿರಗತೈತಿ, ಆದ್ರ ಮಾತು ಬಂದ್ ಮಾಡ್ಯಾರ. ಮಾವನ ಕಿವಿದೇನೂ ತಪ್ಪಿಲ್ಲ."

ಅವಳು ಮಾಳಿಗೆ ಹತ್ತಿದಳು. ಅವನು ಉತ್ತರ ದಿಕ್ಕಿಗೆ ಆಂಟೆನಾ ಹಿಡಿದು ನಿಂತಿದ್ದ. ಒಮ್ಮೆ ಹೇಳಿದಳು, ಕೇಳಲಿಲ್ಲ. ಮತ್ತೆ ಹೇಳಿದಳು. ಕಡೆಗೆ ಓಣಿಯೆಲ್ಲ ಕೇಳುವಂತೆ ಕೂಗಿದಳು:

"ಆಯಿ ಹೋದ್ಲರೀ! ಇನ್ನ ಮಾತಾಡೂದಿಲ್ಲ!"

ನಿಜಗುಣಪ್ಪ ಕಡ್ಡಿ ಇಳಿಸಿದ. "ಖರೇನ? ಹಂಗಾರ ಕಿವಿ ಅಲ್ಲ?" ಅವನ ಕಣ್ಣು ತುಂಬಿದವು. ಆಯಿಗಾಗಿಯೋ, ಕಿವಿ ಉಳಿದದ್ದಕ್ಕೋ, ದೇವಕ್ಕನಿಗೆ ತಿಳಿಯಲಿಲ್ಲ. ಅವನು ಬೆನ್ನು ತಿರುಗಿಸಿ ಕೂತು ತಂತಿ ಸುತ್ತತೊಡಗಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಳು ಕೇಳಿತು. ನಿಜಗುಣಪ್ಪನ ತಾಯಿಯನ್ನೂ ಓಣಿಯವರೆಲ್ಲ ಆಯಿ ಎಂದೇ ಕರೆಯುತ್ತಿದ್ದರು. ಆಕೆ ಸವದತ್ತಿಯಲ್ಲಿ ಚಿಕ್ಕ ಮಗನ ಮನೆಯಲ್ಲಿದ್ದಳು. ಎದುರುಮನೆಯ ಕೃಷ್ಣವ್ವ ಎದೆ ಬಡಿದುಕೊಳ್ಳುತ್ತ ಬಂದಳು.

"ಯವ್ವಾ ಆಯೀ, ನನ್ನ ಬಾಣಂತನ ಮಾಡಿದಾಕಿ, ಹೋದೇನಬೇ!"

"ಸುಮ್ನಿರ, ಕೃಷ್ಣವ್ವ. ಆಯಿ ಗಟ್ಟಿ ಅದಾಳ. ಹೋದದ್ದು ಮ್ಯಾಲಿನ ಉಪಗ್ರಹ" ಎಂದಳು ದೇವಕ್ಕ.

ಕೃಷ್ಣವ್ವನ ಅಳು ಅರ್ಧಕ್ಕೆ ನಿಂತಿತು. "ನಿನ್ನ ಬಾಯಾಗ ಮಣ್ಣ ಬೀಳ್ಲಿ! ಒಲಿ ಮ್ಯಾಲೆ ಹಾಲ ಬಿಟ್ಟು ಓಡಿ ಬಂದೇನಿ. ಯಣ್ಣಾ, ನೀನರ ಹೇಳಬಾರದ?"

ಅವನು ತಿರುಗಲಿಲ್ಲ.

"ಯಣ್ಣಾ! ಏ ಯಣ್ಣಾ!"

ತಂತಿ ಸುತ್ತುವ ಕೈ ನಿಲ್ಲಲಿಲ್ಲ. ಕೃಷ್ಣವ್ವ ದೇವಕ್ಕನ ಮುಖ ನೋಡಿದಳು. ದೇವಕ್ಕ ತಲೆ ತಗ್ಗಿಸಿದಳು.

"ಹಾಲ ಉಕ್ಕತೈತಿ, ಹೋಗು" ಎಂದಳು ಮೆಲ್ಲಗೆ.

ಕೃಷ್ಣವ್ವ ಇಳಿದು ಹೋದಳು. ನಿಜಗುಣಪ್ಪ ಸುತ್ತಿದ ತಂತಿಯನ್ನು ಪಕ್ಕಕ್ಕಿಟ್ಟು ಎದ್ದ. ಎಷ್ಟೋ ದಿನಗಳ ಮೇಲೆ ಅವನ ಮುಖ ಹಗುರಾಗಿತ್ತು.

"ನನ್ನ ಕಿವಿಯಾಗ ಏನೂ ದೋಷ ಇಲ್ಲ. ಹೌದಲ್ಲ?"

"ಇಲ್ಲರಿ."

"ಏನಂದಿ?"

ದೇವಕ್ಕ ಅವನೆದುರಿಗೆ ಬಂದು, ತುಟಿ ಕಾಣುವಂತೆ ಮುಖವನ್ನು ಬೆಳಕಿಗೆ ತಿರುಗಿಸಿ, ಮತ್ತೊಮ್ಮೆ ಹೇಳಿದಳು.