ಉಗುರಿನ ಮೇಲೆ ಏರಿದ ಸ್ವರ

ವಿಭೂತಿ ಗಟ್ಟಿಯನ್ನು ಒಣಗೈಯಲ್ಲಿ ಉಜ್ಜಿದಾಗ ಏಳುವ ಸಣ್ಣ ಸುಟ್ಟ ವಾಸನೆಯಿಂದ ನನಗೆ ಪೂಜೆ ನೆನಪಾಗುವುದಿಲ್ಲ, ಪಿಯಾನೊ ನೆನಪಾಗುತ್ತದೆ. ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅದು ಜೋಳದ ಚೀಲಗಳ ಪಕ್ಕ ನಿಂತಿತ್ತು. ಈಗ ಆ ಜಾಗದಲ್ಲಿ ಮೂರು ಅಂಗಡಿಗಳಿವೆ; ನಿಮ್ಮ ಊರಲ್ಲೂ ಅಂಥದ್ದೊಂದು ಜಾಗ ಇದ್ದೀತು. ರೈಲ್ವೆ ಕ್ಲಬ್ಬೊಂದು ಮುಚ್ಚಿದಾಗ ಮುತ್ಯಾ, ನಮ್ಮಪ್ಪನ ಅಪ್ಪ, ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದು "ಗಾಳಿ ಬ್ಯಾಡಾದ ಪೇಟಿ" ಎಂದು ಹೆಸರಿಟ್ಟಿದ್ದ. ಅದೇ ಪಡಸಾಲೆಯ ಸೋಮವಾರದ ಭಜನೆಗೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ ಅವನ ಮಗಳು ನೀಲತ್ತಿ ಇದನ್ನೂ ಹಾಗೆಯೇ ಬಾರಿಸಿದಳು: ಬಲಗೈ ಪಟ್ಟಿಗಳ ಮೇಲೆ, ಎಡಗೈ ಅದರಲ್ಲಿಲ್ಲದ ತಿದಿಯನ್ನು ಒತ್ತುತ್ತ. "ಯಾರಿಗಿ ಗಾಳಿ ಹಾಕಾಕತ್ತೀಯವ್ವಾ, ನೊಣಕ್ಕೇನು?" ಎಂದು ಮುತ್ಯಾ ನಗುತ್ತಿದ್ದ. ಆ ಕೈ ರೂಢಿ ಬಿಡಲಿಲ್ಲ.

ನಾನು ಆರನೇ ತರಗತಿಯಲ್ಲಿದ್ದಾಗ ಮುತ್ಯಾನ ದನಿ ಸೋಲತೊಡಗಿತು. ಭಜನೆಯ ಕೊನೆಗೆ ಅವನು ಹಾಡುವ ಪದದಲ್ಲಿ ಪಂಚಮದಿಂದ ಮೇಲಿನ ಷಡ್ಜಕ್ಕೆ ಜಾರುತ್ತ ಏರುವ ಕಡೆಯೊಂದಿತ್ತು. ಅಲ್ಲಿ ದನಿ ಒಡೆದು ಕೆಮ್ಮಾಗುತ್ತಿತ್ತು. ಬಂದವರು ನೆಲ ನೋಡುತ್ತಿದ್ದರು. ಆ ಏರನ್ನು ಪಿಯಾನೊ ಎತ್ತಿಕೊಂಡರೆ ತನ್ನಪ್ಪನ ಮಾನ ಉಳಿಯುತ್ತದೆ ಎಂದುಕೊಂಡಳು ಅತ್ತಿ. ಅವಳ ಬೆರಳ ಗೆಣ್ಣುಗಳು ಬಾತಿದ್ದವು, ಹಾಗಾಗಿ ನನ್ನನ್ನು ಕೂರಿಸಿದಳು. ಅಂಗೈ ಮೇಲೆ ಮಾಡಿ, ನಡುವಿನ ಮೂರು ಬೆರಳು ಜೋಡಿಸಿ, ಉಗುರುಗಳಿಂದ ಪಟ್ಟಿಗಳ ಮೇಲೆ ಎಡದಿಂದ ಬಲಕ್ಕೆ ಒಂದೇ ಎಳೆತ. ಇಳಿಯುವಾಗ ಹೆಬ್ಬೆರಳ ಉಗುರು. ಮೊದಲ ದಿನ ಹದಿನೆಂಟು ಸಲ ಎಳೆದೆ, ಹದಿನೆಂಟು ಸಲವೂ ನಡುವೆ ಬೆರಳು ಸಿಕ್ಕಿಕೊಂಡಿತು ಎಂದು ನನ್ನ ಡೈರಿಯಲ್ಲಿದೆ.

"ರೊಟ್ಟಿ ಬಡ್ಯಾಕತ್ತೀಯೇನ? ನೆಲ ಸಾರಿಸಿದಂಗ ಮಾಡು. ತೋಳು ಹೋದ್ರ ಕೈ ತಾನ ಹೋಗ್ತದ."

"ಚರ್ಮ ಕಿತ್ತದ ಅತ್ತಿ."

ಅವಳು ಎದ್ದು ಹೋಗಿ ದೇವರ ಜಗಲಿಯ ಮೇಲಿನ ವಿಭೂತಿ ತಂದು ನನ್ನ ಉಗುರುಗಳಿಗೆ ತಿಕ್ಕಿದಳು. "ಕೇರಂ ಬೋರ್ಡಿಗಿ ಪೌಡರ್ ಹಾಕಂಗಿಲ್ಲೇನ? ದೇವ್ರು ತಿಳ್ಕೋತಾನ." ಮೂರನೆಯ ವಾರದ ಶುಕ್ರವಾರ ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಸ್ವರಗಳು ನೀರಿನಂತೆ ಹರಿದವು.

ಮುಂದಿನ ಸೋಮವಾರ ಮುತ್ಯಾ ಆ ಏರಿಗೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ನನ್ನ ಕೈ ಏರಿ ಮುಗಿಸಿತ್ತು. "ಭಲೇ!" ಎಂದರು ತಾಳದವರು. ಮುತ್ಯಾನ ತೆರೆದ ಬಾಯಿ ಹಾಗೇ ಇತ್ತು, ಆಮೇಲೆ ಅವನು ನಕ್ಕ. "ನನಗಿಂತ ಛಲೋ ಏರ್ಯಾಳ ನೋಡ್ರಿ." ಅಂದಿನ ತಪ್ಪು ಸೊನ್ನೆ ಎಂದು ಬರೆದುಕೊಂಡೆ. ನಂತರದ ವಾರಗಳಲ್ಲಿ ಅವನು ಅಲ್ಲಿ ಬಾಯಿ ತೆರೆಯಲಿಲ್ಲ. ಆಮೇಲೆ ಆ ನುಡಿಯನ್ನೇ ಬಿಟ್ಟ. ಆರನೆಯ ಸೋಮವಾರ ಇಡೀ ಪದವನ್ನು ಪಿಯಾನೊಗೆ ಒಪ್ಪಿಸಿ ಗೋಡೆಗೆ ಒರಗಿದ. "ಒಡಕ ದನಿಯಾದ್ರೂ ಇತ್ತು. ನಾವ ಬಾಯಿ ಮುಚ್ಚಿಸಿದ್ವಿ" ಎಂದು ಅತ್ತಿ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಏಳನೆಯ ಸೋಮವಾರ ಪದ ಬಾರಿಸುತ್ತ ಆ ಏರಿಗೆ ಬಂದಾಗ ನಾನು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಮುತ್ಯಾನೇ ಏರಲಿ ಎಂದು ಕಾದೆ. ತಾಳ ನಿಂತಿತು. ಅವನ ತುಟಿ ಅಲುಗಿತು, ಗಂಟಲ ನರ ಉಬ್ಬಿತು, ಸದ್ದು ಬರಲಿಲ್ಲ. ಬಂದವರ ಕಡೆ ಒಮ್ಮೆ ನೋಡಿ, ನನ್ನ ಕಡೆ ಬಾಗಿ, ಮೆಲ್ಲಗೆ ಹೇಳಿದ: "ಯಾಕ ನಿಂತಿ ಯವ್ವಾ? ಬಾರ್ಸು. ಮಂದಿ ನೋಡಾಕತ್ತಾರ."

ಬಾರಿಸಿದೆ. ಅವನು ಕಣ್ಣು ಮುಚ್ಚಿ, ತಾನೇ ಹಾಡುತ್ತಿರುವವನಂತೆ ಮುಖ ಮೇಲೆತ್ತಿ, ಸ್ವರ ಆರುವವರೆಗೂ ಹಾಗೇ ಕುಳಿತಿದ್ದ.