ಮೊದಲು ಮಾತಾಡಿಸಿ ಅಂದ ಮೇಡಂ

ಬಲಗೈಯಲ್ಲಿ ಮೊಬೈಲು ಎತ್ತಿ ಹಿಡಿದು ಶಾಲೆಯ ಜಗುಲಿಯ ಅಂಚಿನಲ್ಲಿ ತುದಿಗಾಲ ಮೇಲೆ ನಿಂತ ಕುಳ್ಳಗಿನ ಹೆಂಗಸು. ಎಣ್ಣೆ ಹಚ್ಚಿ ಬಿಗಿದ ತುರುಬಿನಲ್ಲಿ ಸಿಕ್ಕಿಸಿದ ಪೆನ್ನು. ನಮ್ಮೂರ ಶಾಲೆಯ ಮೇಡಂ ಎಂದರೆ ನನಗೆ ಮೊದಲು ಕಣ್ಣ ಮುಂದೆ ಬರುವುದು ಹೀಗೆ. ಪಿರಿಯಾಪಟ್ಟಣದಿಂದ ಒಳಗಿರುವ ನಮ್ಮೂರಿನಲ್ಲಿ ಆಗ ನೆಟ್‌ವರ್ಕ್ ಸಿಗುತ್ತಿದ್ದುದು ಆ ಮೂಲೆಯಲ್ಲೇ.

ನನ್ನ ಮಗಳು ಐದನೇ ಕ್ಲಾಸಿನಲ್ಲಿದ್ದಳು. ಕಾಪಿ ಬರೆಯಲು ಕೊಟ್ಟರೆ ಮುತ್ತಿನಂಥ ಅಕ್ಷರ. ನಿನ್ನದೇ ನಾಲ್ಕು ಸಾಲು ಬರಿ ಎಂದರೆ ಮಾತ್ರ ಪೆನ್ಸಿಲು ಕಚ್ಚುತ್ತಾ ಕೂರುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳೇ. ಆದರೂ ಅದನ್ನು ಹೇಗೆ ಹೇಳಿಕೊಡಬೇಕೋ ತಿಳಿಯುತ್ತಿರಲಿಲ್ಲ.

ಮೇಡಮ್ಮಿಗೂ ತಿಳಿದಿರಲಿಲ್ಲ. ಹಾಗೆಂದು ಅವರೇ ಹೇಳಿದರು. ಒಂದು ಶನಿವಾರ ತಾಯಂದಿರನ್ನೆಲ್ಲ ಶಾಲೆಗೆ ಕರೆದು, “ನಂಗೆ ಪಾಠ ಮಾಡಕ್ಕೆ ಬತ್ತದೆ ಕಣ್ರವ್ವ, ಬರೆಯೋದ ಕಲ್ಸಕ್ಕೆ ಬತ್ತಿರ್ಲಿಲ್ಲ. ಈಗ ಇದ್ರಲ್ಲಿ ನೋಡ್ಕೊಂಡು ಕಲೀತಿದೀನಿ. ನೀವೂ ಜೊತೇಲಿ ಕಲೀರಿ” ಎಂದು ಮೊಬೈಲು ತೋರಿಸಿದರು.

ಮಕ್ಕಳಿಗೆ ಬರೆಯುವುದನ್ನು ಹೇಗೆ ಕಲಿಸಬೇಕು ಎಂದು ಮೇಷ್ಟ್ರುಗಳಿಗೂ ತಂದೆತಾಯಿಗಳಿಗೂ ಯಾರ್ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಹಾಕಿದ್ದ ಪಾಠಗಳು ಅವು. ಹೆಚ್ಚಿನವು ಇಂಗ್ಲಿಷಿನಲ್ಲಿದ್ದವು. ಮೇಡಂ ಅವನ್ನು ನಮ್ಮ ಮಾತಿಗೆ ತಿರುಗಿಸಿ, ತಮ್ಮ ದನಿಯಲ್ಲೇ ಹೇಳಿ ನಮ್ಮ ವಾಟ್ಸಾಪಿಗೆ ಕಳಿಸುತ್ತಿದ್ದರು. ನಾವೂ ಅದೇ ಜಗುಲಿಗೆ ಹೋಗಿ ಇಳಿಸಿಕೊಳ್ಳುತ್ತಿದ್ದೆವು. ಒಂದರಲ್ಲಿ ಹಿಮ ಬಿದ್ದ ದಿನದ ಬಗ್ಗೆ ಬರೆಸಿ ಎಂದಿತ್ತಂತೆ. “ಹಿಮ ಬೀಳೋದ ನಾವ್ಯಾರು ಕಂಡಿದೀವಿ? ಹೊಗೆಸೊಪ್ಪು ಪೋಣ್ಸೋದ ಬರೀಲಿ ಬುಡಿ” ಎಂದು ನಕ್ಕುಬಿಟ್ಟರು.

ಅವರು ಹೇಳುತ್ತಿದ್ದ ಮಾತು ಒಂದೇ. “ಮೊದ್ಲು ಮಗೀನ ಮಾತಾಡ್ಸಿ. ಬಾಯಿಗೆ ಬಂದಿದ್ದು ಕೈಗೂ ಬತ್ತದೆ. ಒತ್ತು, ದೀರ್ಘ ಆಮೇಲೆ ನೋಡ್ಕೊಳವ.”

ರೊಟ್ಟಿ ತಟ್ಟುತ್ತಾ ಮಗಳನ್ನು ಮಾತಿಗೆಳೆದೆ. ಹೊಗೆಸೊಪ್ಪು ಬೇಯಿಸುವ ಮನೆಯಲ್ಲಿ ಅಪ್ಪ ಇವತ್ತು ಏನು ಮಾಡಿದರು, ಹೇಗೆ ಮಾಡಿದರು ಎಂದು ಕೇಳಿದೆ. ಅವಳು ಹೇಳುತ್ತಾ ಹೋದಳು, ಆಮೇಲೆ ಮೂಲೆಯಲ್ಲಿ ಕೂತು ಬರೆದಳು. ಮಾರನೆಯ ದಿನ ಮೇಡಂ ಅದನ್ನು ಶಾಲೆಯ ಗೋಡೆಗೆ ಅಂಟಿಸಿದರು.

ಯಾರೋ ಓದಿ ನನ್ನ ಗಂಡನ ಕಿವಿಗೆ ಹಾಕಿದರು. “ನಾಳೆಯಿಂದ ಅವ್ಳು ಇಸ್ಕೂಲಿಗೆ ಓಗಂಗಿಲ್ಲ” ಎಂದು ಇವರು ಕೂಗಾಡುತ್ತಾ ಶಾಲೆಗೇ ನಡೆದರು. ನಾನು ಹಿಂದೆ ಓಡಿದೆ.

“ಮನೆ ಮಾತ ಗ್ವಾಡೆಗೆ ಅಂಟ್ಸಕ್ಕಾ ನಾವು ಮಗೀನ ಕಳ್ಸೋದು?”

“ಕಿತ್ತಾಕ್ತೀನಿ ಕಣಣ್ಣ. ಏನ್ ಬರ್ದವ್ಳೆ ಅಂತ ಒಂದ್ಸಲ ಕೇಳ್ಬುಡಿ” ಎಂದರು ಮೇಡಂ.

ನನ್ನ ಗಂಡನಿಗೆ ಓದು ಬರುವುದಿಲ್ಲ. ಮೇಡಂ ನಿಧಾನವಾಗಿ ಓದಿದರು. “ಅಪ್ಪ ಬೆಂದ ಸೊಪ್ಪನ್ನು ಮೆಲ್ಲಗೆ ಮುಟ್ಟುತ್ತಾರೆ. ಬಣ್ಣ ನೋಡಿ, ಮೂಸಿ, ಬೇರೆ ಬೇರೆ ಇಡುತ್ತಾರೆ. ಒಂದು ಎಲೆಯೂ ಮುರಿಯುವುದಿಲ್ಲ. ನಮ್ಮ ಹತ್ತಿರ ಮಾತ್ರ ಜೋರು. ನಾನೂ ಒಂದು ಎಲೆ ಆಗಿದ್ದರೆ ಚೆನ್ನಾಗಿತ್ತು.”

ನನ್ನ ಗಂಡ ಗೋಡೆಯನ್ನೇ ನೋಡುತ್ತಾ ನಿಂತರು. ಬುದ್ಧಿ ಹೇಳಲು ಒಳ್ಳೆಯ ಸಮಯವಾಗಿತ್ತು. ಮೇಡಂ ಕೊಟ್ಟ ಮಾತಿನಂತೆ ಹಾಳೆ ಕೀಳಲು ಕೈ ಚಾಚಿದರು.

“ಅವ್ಳೇ ಬರ್ದಿದ್ದಾ?”

“ಅವ್ಳೇ ಕಣಣ್ಣ.”

“ಇರ್ಲಿ ಬುಡಿ. ಕೀಳ್ಬ್ಯಾಡಿ.”

ಅಂದಿನಿಂದ ಅವರು ಪೂರಾ ಬದಲಾದರು ಎಂದರೆ ಸುಳ್ಳಾದೀತು. ಸಿಟ್ಟು ಈಗಲೂ ಇದೆ. ಆದರೆ ಮಗಳು ಬರೆಯುತ್ತಿದ್ದರೆ ಟಿ.ವಿ. ಸದ್ದು ತಗ್ಗಿಸುವರು, ಬರೆದು ಮುಗಿಸಿದಳೆಂದರೆ, “ಏನವ್ವ ಅದು, ಓದು ಮತ್ತೆ” ಎನ್ನುವರು. ಮಗಳು ಈಗ ಹುಣಸೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಮೇಡಂ ಪ್ರತಿ ಶನಿವಾರ ನಡೆಸುತ್ತಿದ್ದ ತಾಯಂದಿರ ಪಾಠವನ್ನು ಈಗ ನಾನೇ ನಡೆಸುತ್ತೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಂತರ ನಾನು ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಈ ಧೈರ್ಯವೂ ಮೇಡಂ ಕೊಟ್ಟದ್ದೇ.

ಮೇಡಂ ನಿವೃತ್ತರಾಗಿ ತಮ್ಮೂರು ಸಾಲಿಗ್ರಾಮಕ್ಕೆ ಹೋದರು. ಹೋದ ವರ್ಷ ತೀರಿಕೊಂಡರು ಎಂಬ ಸುದ್ದಿ ಬಂದಾಗ, ಹೊರಡೋಣ ಎಂದು ಮೊದಲು ಎದ್ದವರು ನನ್ನ ಗಂಡ. ಮಣ್ಣು ಮುಗಿಸಿಕೊಂಡು ಕೆ.ಆರ್. ನಗರದಲ್ಲಿ ಬಸ್ಸು ಹತ್ತಿದೆವು. ಅಲ್ಲಿಯವರೆಗೂ ತಡೆದುಕೊಂಡಿದ್ದ ಮಗಳು ಸೀಟಿನಲ್ಲಿ ಕೂತದ್ದೇ ಬಿಕ್ಕಿ ಬಿಕ್ಕಿ ಅತ್ತಳು. ಅವಳಪ್ಪ ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು, ಹುಣಸೂರು ಬರುವವರೆಗೂ ಮೆಲ್ಲಗೆ ಸವರುತ್ತಾ ಕೂತರು.